ಕೊನೆಗೆ ಉಣ್ಣುವವಳು

ಬಾಡಿಗೆ ಮನೆಗಳ ಟ್ಯಾಂಕಿಗೆ ಮೋಟರ್ ಹಾಕುವುದು, ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಬಿಡುವುದು, ರಾತ್ರಿಯ ಪಾತ್ರೆ ತಿಕ್ಕುವುದು, ಮಗಳು ಭವ್ಯಳ ಡಬ್ಬಿಗೆ ದೋಸೆ ಹುಯ್ಯುವುದು, ಮಾವನ ಮಾತ್ರೆಗೆ ನೀರು ಕಾಯಿಸುವುದು, ಆಮೇಲೆ ಮುದ್ದೆಗೆ ಎಸರಿಡುವುದು. ಮಾರತ್ತಹಳ್ಳಿ ಸೇತುವೆಯ ಮೇಲೆ ಕ್ಯಾಬುಗಳ ಸದ್ದೇಳುವ ಮೊದಲೇ ಸುಕನ್ಯಾಳ ಇಷ್ಟು ಕೆಲಸ ಮುಗಿದಿರುತ್ತಿತ್ತು.

ಮುದ್ದೆಯ ಗಾತ್ರ ಅವಳ ಕೈಯಲ್ಲೇ ಕೂತಿತ್ತು. ಮದುವೆಯಾಗಿ ಬಂದಾಗ ಅತ್ತೆ ಕಲಿಸಿದ್ದು. ಆಗ ಮಾವ ಮುನಿಶಾಮಿ ಅಂಥ ಎರಡು ಮುದ್ದೆ ಉಂಡು ಮಧ್ಯಾಹ್ನದವರೆಗೆ ಹೊಲ ಉಳುತ್ತಿದ್ದರು. ಈಗ ಹೊಲದ ಮೇಲೆ ಬಾಡಿಗೆ ಮನೆಗಳು ನಿಂತಿವೆ. ಗಂಡ ಜಗನ್ ಅದೇ ಎರಡು ಮುದ್ದೆ ಉಂಡು ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾನೆ. ಎಲ್ಲರದೂ ಆದ ಮೇಲೆ ಸುಕನ್ಯಾ ಉಣ್ಣುತ್ತಾಳೆ: ಆರಿದ ಮುದ್ದೆ, ಭವ್ಯ ಮುರಿದು ಬಿಟ್ಟ ದೋಸೆ, ಜಗನ್ ರಾತ್ರಿ ತರಿಸಿ ಉಳಿಸಿದ ಬಿರಿಯಾನಿ. ಅನ್ನ ಚೆಲ್ಲುವ ಮನೆಯಲ್ಲ ಅದು.

ಮಂಡಿ ಊದಿ ಮೆಟ್ಟಿಲು ಹತ್ತಲಾಗದೆ, ಭಾನುವಾರ ಆರೋಗ್ಯ ಶಿಬಿರಕ್ಕೆ ಹೋದಳು. ಅವಳ ಜೊತೆ ಕಳೆ ಕಿತ್ತ ಹೆಂಗಸರು, ಒಂದು ಕಾಲಕ್ಕೆ ಬೇಲಿಯ ಸಂದಿಯಲ್ಲಿ ನುಸುಳುತ್ತಿದ್ದವರು, ಕುರ್ಚಿಗಳಲ್ಲಿ ಹಿಡಿಸದೆ ಬಿಗಿದು ಕೂತಿದ್ದರು. ಗಂಡಸರ ಬೆಲ್ಟುಗಳು ಹೊಟ್ಟೆಯ ಕೆಳಗೆ ಅಡಗಿದ್ದವು. ಹೊಲ ಕರಗಿದಂತೆಲ್ಲ, ಯಾರ ಗಮನಕ್ಕೂ ಬಾರದೆ, ಊರಿಗೆ ಊರೇ ಮೈ ಬೆಳೆಸಿತ್ತು. ಸುಕನ್ಯಾ ಬೆರಗಾಗಿ ನಿಂತುಬಿಟ್ಟಳು.

"ಮಂಡಿ ಸವೀತಿದೆ ಅಮ್ಮಾ. ತೂಕ ಇಳಿಸದಿದ್ರೆ ನಡೆಯೋಕೇ ಆಗಲ್ಲ," ಅಂದಳು ಡಾಕ್ಟರಮ್ಮ. "ಊಟ ಏನು ಮಾಡ್ತೀರಾ?"

"ಉಳಿದಿದ್ದು."

ಡಾಕ್ಟರಮ್ಮನ ಪೆನ್ನು ನಿಂತಿತು. "ಮೊದಲು ಅದನ್ನ ಬಿಡಿ. ಹೊತ್ತಿಗೆ ಸರಿಯಾಗಿ, ಬಿಸಿಯಾಗಿ, ಸ್ವಲ್ಪ ತಿನ್ನಿ."

ಮನೆಯಲ್ಲಿ ಡಾಕ್ಟರಮ್ಮನ ಮಾತು ಕೇಳಿ ಜಗನ್ ನಕ್ಕ. "ಕೂತ್ಕೊಂಡ್ ತಿಂದ್ರೆ ಇನ್ನೇನಾಗುತ್ತೆ?"

"ನಾನು ಕೂತಿದ್ದು ಯಾವಾಗ ನೋಡಿದ್ರಿ? ಇನ್ನೊಂದ್ಸಲ ಕಂಡ್ರೆ ಕರೀರಿ, ನಾನೂ ಬಂದು ನೋಡ್ತೀನಿ."

"ಅಪ್ಪಾ, ನಿನ್ ಕುರ್ಚಿ ಕಾಲು ಸೊಟ್ಟಗಾಗಿದೆ, ನೋಡ್ಕೋ," ಅಂದಳು ಭವ್ಯ.

ಮರುದಿನ ಎಲ್ಲರೂ ಮಲಗಿರುವಾಗಲೇ ಸುಕನ್ಯಾ ಕೋಲು ಹಿಡಿದು ಹಿಟ್ಟು ತಿರುವಿದಳು. ಉಗಿ ಮುಖಕ್ಕೆ ಬಡಿಯಿತು. ಈ ತೋಳು ಇಲ್ಲಿಯವರೆಗೆ ಎಷ್ಟು ರಾಗಿ ತಿರುವಿತು, ಈ ಮಂಡಿ ಏನೆಲ್ಲ ಹೊತ್ತಿತು ಎಂದು ಅವಳಿಗೇ ಅಚ್ಚರಿಯಾಯಿತು. ಮುದ್ದೆಗಳನ್ನು ಕಟ್ಟಿ, ಕೊನೆಗೆ ತನಗೊಂದು ಸಣ್ಣ, ಕಿತ್ತಳೆ ಗಾತ್ರದ್ದನ್ನು ಕಟ್ಟಿದಳು. ಇಷ್ಟು ಬಿಸಿ ಮುದ್ದೆಯನ್ನು ಈ ಮನೆಯಲ್ಲಿ ಅವಳು ಮುಟ್ಟಿದ್ದೆಲ್ಲ ಬೇರೆಯವರ ತಟ್ಟೆಗೆ ಹಾಕುವುದಕ್ಕೆ.

ಫ್ರಿಜ್ಜಿನಿಂದ ರಾತ್ರಿ ಉಳಿದ ಬಿರಿಯಾನಿ ಡಬ್ಬಿ ತೆಗೆದು ಜಗನ್ ಕೂರುವ ಜಾಗದಲ್ಲಿಟ್ಟಳು. ತನ್ನ ತಟ್ಟೆ ಹಾಕಿಕೊಂಡು ಕೂತಳು. ಒಳಗೆ ಮಾವ ಕೆಮ್ಮಿದರು. ಸುಕನ್ಯಾ ಏಳಲಿಲ್ಲ, ಮೊದಲ ತುತ್ತನ್ನು ಮುರಿದು ಸಾರಿಗೆ ಅದ್ದಿದಳು.