ಕಿಟಕಿಗೆ ಹಿಡಿದ ರೊಟ್ಟಿ

ಸಿಂಧನೂರಿನ ನಮ್ಮ ಮನೆಯಲ್ಲಿ ಅಮ್ಮ ಬಡಿದ ಪ್ರತಿ ಜೋಳದ ರೊಟ್ಟಿಯನ್ನೂ ಅಜ್ಜಿ ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲಿ ದಪ್ಪ, ಎಲ್ಲಿ ತೂತು ಎಂದು ನೋಡುತ್ತಿದ್ದಳು. ಆಮೇಲೆ ಬೆಣ್ಣೆ ಸವರಿ, ಅರ್ಧ ನನಗೆ ಕೊಟ್ಟು, ಉಳಿದರ್ಧ ಚೂರೂ ಬಿಡದೆ ತಿಂದು ತೀರ್ಪು ಕೊಡುತ್ತಿದ್ದಳು: “ನಮ್ಮ ಸಾಲಗುಂದದಾಗ ಹಿಂಗ ಬಡಿಯಂಗಿಲ್ಲವ್ವ.”

ಒಮ್ಮೆ ಆ ತವರಿನಿಂದಲೇ ಬಂದ ಅಜ್ಜಿಯ ತಂಗಿ, ಅಮ್ಮನನ್ನು ಎಬ್ಬಿಸಿ ತಾನೇ ಒಲೆಯ ಮುಂದೆ ಕೂತಳು. ಅದು ತಿಳಿಯದ ಅಜ್ಜಿ ಎಂದಿನ ತೀರ್ಪನ್ನೇ ಕೊಟ್ಟಳು.

“ಯಕ್ಕಾ, ಬಡದಾಕಿ ನಾನು!” ಎಂದಳು ತಂಗಿ.

ಅಜ್ಜಿ ಎರಡು ತುತ್ತು ಅಗಿದಳು. “ಹಂಗಾರ ಈ ಮನಿ ಹಂಚ ಸರಿ ಇಲ್ಲ.”

ಇಪ್ಪತ್ತು ವರ್ಷ ಅಮ್ಮನ ಕೈಯಲ್ಲಿದ್ದ ದೋಷ ಅರೆಗಳಿಗೆಯಲ್ಲಿ ಹಂಚಿಗೆ ಇಳಿಯಿತು.

ಅಜ್ಜಿ ಹೋದಮೇಲೂ ಅಮ್ಮ ಹಂಚು ಬದಲಿಸಲಿಲ್ಲ. ಈಗ ನನ್ನ ಹೆಂಡತಿಯ ರೊಟ್ಟಿಯನ್ನು ಅಮ್ಮನೇ ಕಿಟಕಿಗೆ ಹಿಡಿಯುತ್ತಾಳೆ.