ಪಂಚಾಯ್ತಿಯ ಮುಯ್ಯಾಳು

ಮೊನ್ನೆ ಕೆಂಗಲ್ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಸಾಲಿನಲ್ಲಿ ನಿಂತಿದ್ದಾಗ ಪಕ್ಕದ ಟ್ರ್ಯಾಕ್ಟರಿನವನ ಕ್ಯಾನಿನಿಂದ ಡೀಸೆಲ್ ತುಳುಕಿ ನನ್ನ ಕಾಲ ಮೇಲೆ ಬಿತ್ತು. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ವಾಸನೆ ಮೂಗಿಗೆ ಬಡಿದು ಜಯಮ್ಮ ಚಿಕ್ಕಮ್ಮ ನೆನಪಾದಳು. ಡೀಸೆಲ್ ವಾಸನೆಗೆ ಚಿಕ್ಕಮ್ಮನನ್ನು ನೆನೆಯುವವನು ನಾನೊಬ್ಬನೇ ಇರಬೇಕು. ನೀವು ನಗುವ ಮೊದಲು ಸ್ವಲ್ಪ ಕೇಳಿ.

ಚಿಕ್ಕಮ್ಮನ ಊರು ಬಿಡದಿಯಿಂದ ಮಾಗಡಿಗೆ ಹೋಗುವ ದಾರಿಯಲ್ಲಿದೆ. ಎರಡು ಸಾವಿರದ ಇಸವಿ ಕಳೆದು ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ಎತ್ತು ಮಾರಿದವರು ಬೈಕು ತಂದರು, ಬೈಕು ತಂದವರು ಕಾರ್ಖಾನೆಯ ಶಿಫ್ಟಿಗೆ ಸೇರಿದರು. ಮೀಸಲಾತಿಯಲ್ಲಿ ಪಂಚಾಯ್ತಿ ಅಧ್ಯಕ್ಷಗಿರಿ ಹೆಂಗಸರಿಗೆ ಬಂದಾಗ, ಹೇಳಿದ ಕಡೆ ಸೈನ್ ಹಾಕುತ್ತಾಳೆ ಎಂದು ಊರ ಗಂಡಸರು ಚಿಕ್ಕಮ್ಮನನ್ನು ಕುರ್ಚಿಯಲ್ಲಿ ಕೂರಿಸಿದರು. ಅವಳು ಮನೆಯಲ್ಲಿ ಚಿಕ್ಕಪ್ಪನ ಮಾತನ್ನೇ ಕೇಳಿದವಳಲ್ಲ ಎಂಬುದನ್ನು ಯಾರೂ ವಿಚಾರಿಸಿರಲಿಲ್ಲ.

ಊರಿಗೆ ಕುಡಿಯುವ ನೀರು ಬೋರ್‌ವೆಲ್ಲಿನಿಂದ. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಪಂಚಾಯ್ತಿಯ ಜನರೇಟರ್. ಅದರ ಡೀಸೆಲ್ ಕ್ಯಾನು ಇರುತ್ತಿದ್ದದ್ದು ಚಿಕ್ಕಮ್ಮನ ಅಡುಗೆಮನೆಯ ಹಿಂದೆ. ಹಾಗಾಗಿ ಅವಳ ಮನೆಯ ಸೊಪ್ಪಿನ ಸಾರಿಗೂ ಒಂದು ಡೀಸೆಲ್ ಒಗ್ಗರಣೆ ಇರುತ್ತಿತ್ತು. ಆಗ ನಾನು ರಾಮನಗರದಲ್ಲಿ ಹೊಸದಾಗಿ ಮೇಷ್ಟ್ರಾಗಿದ್ದೆ. ರಜೆ ಬಂತೆಂದರೆ ಅವಳ ಮನೆಯಲ್ಲಿ ಠಿಕಾಣಿ.

ಒಂದು ಬೇಸಿಗೆ ಲಾರಿಗಳ ಮುಷ್ಕರವಾಯಿತು. ಬಂಕುಗಳಲ್ಲಿ 'ಡೀಸೆಲ್ ಇಲ್ಲ' ಎಂಬ ಬೋರ್ಡು ಬಿತ್ತು. ಮಳೆಯೂ ಕೈಕೊಟ್ಟಿತ್ತು. ಜನರೇಟರ್ ನಿಂತಿತು, ನೀರಿನ ಟ್ಯಾಂಕರೂ ನಿಂತಿತು. ಕೆಳಗಿನ ಬೀದಿಯವರಿಗೆ ಹೇಗೋ ಒಂದಿಷ್ಟು ತೊಟ್ಟಿಕ್ಕುತ್ತಿತ್ತು, ದಿಬ್ಬದ ಮೇಲಿನ ಬೀದಿಯವರ ನಲ್ಲಿಯಲ್ಲಿ ಬರೀ ಗಾಳಿ. ತಾಲ್ಲೂಕಾಫೀಸಿನಲ್ಲಿ ಕೇಳಿದರೆ, ಡೀಸೆಲ್ ಬರಲಿ ನೋಡೋಣ ಎಂದರು.

ಊರಿಗೊಂದು ಹಳೆಯ ಬಾವಿಯಿತ್ತು. ನಲ್ಲಿ ಬಂದ ಮೇಲೆ ಅದರೊಳಗೆ ಹೂಳು, ಹರಿದ ಚಪ್ಪಲಿ, ಪೂಜೆಯ ಒಣಹೂವು ಎಲ್ಲ ಸೇರಿಕೊಂಡಿದ್ದವು. ಅದನ್ನು ತೆಗೆಯೋಣ ಎಂದಳು ಚಿಕ್ಕಮ್ಮ. ಯಂತ್ರ ತರಿಸಿದರೆ ಯಂತ್ರಕ್ಕೂ ಡೀಸೆಲ್ ಬೇಕು. ಕೂಲಿಗೆ ಕರೆದರೆ ಕೊಡಲು ಅನುದಾನ ಬಂದಿಲ್ಲ. ಪಂಚಾಯ್ತಿ ಕಟ್ಟೆಯ ಮೇಲೆ ಸೇರಿದ್ದ ಜನಕ್ಕೆ ಅವಳು ಹೇಳಿದ್ದು ಇಷ್ಟೇ: "ಮುಯ್ಯಾಳಿಗೆ ಬನ್ನಿ."

ಮುಯ್ಯಾಳು ಗೊತ್ತಲ್ಲ? ಈವತ್ತು ನೀವು ನಮ್ಮ ಹೊಲಕ್ಕೆ ಬಂದು ದುಡಿದರೆ ನಾಳೆ ನಾವು ನಿಮ್ಮ ಹೊಲಕ್ಕೆ ಬಂದು ದುಡಿಯಬೇಕು. ದುಡ್ಡಿನ ಮಾತಿಲ್ಲ. ಆದರೆ ಮುಯ್ಯಿ ತೀರಿಸದವನ ಮನೆಯ ಕೆಲಸಕ್ಕೆ ಮತ್ತೆ ಯಾರೂ ಹೋಗುವುದಿಲ್ಲ.

ಕೆಳಗಿನ ಬೀದಿಯ ಭೈರಪ್ಪ ಗಟ್ಟಿಯಾಗಿ ನಕ್ಕ. ಎಲ್ಲ ಸಭೆಯಲ್ಲೂ ಮೊದಲು ತಕರಾರು ತೆಗೆಯುವುದು ಅವನ ಹಕ್ಕು. "ಅಲ್ಲ ಕಣಕ್ಕಾ, ನಾವು ಬಾವಿಗಿಳೀತೀವಿ, ಸರಿ. ನಿನ್ನ ಪಂಚಾಯ್ತಿ ನಮ್ಮ ಹೊಲುಕ್ ಬಂದು ಕಳೆ ಕೀಳ್ತದಾ?"

"ಕೀಳ್ತದೆ. ಯಾಕ್ ಕೀಳಕಿಲ್ಲ? ನಾ ಬತ್ತೀನಿ, ಮೆಂಬ್ರುಗಳೂ ಬತ್ತಾರೆ."

ಮೆಂಬರುಗಳು ಮುಖ ಮುಖ ನೋಡಿಕೊಂಡರು. ನನಗೋ ತಡೆಯಲಾರದ ಕುತೂಹಲ. ಸರ್ಕಾರವೊಂದು ತನ್ನ ಜನರ ಮುಯ್ಯಿಗೆ ಬೀಳಬಹುದೇ? ಪೌರನೀತಿ ಪಾಠ ಮಾಡುವ ನಾನು ಯಾವ ಪುಸ್ತಕದಲ್ಲೂ ಅದನ್ನು ಓದಿರಲಿಲ್ಲ.

ಜನ ಬಂದರು. ಮೇಲಿನ ಬೀದಿಯವರು ಬಾಯಾರಿಕೆಗೆ ಬಂದರು, ಕೆಳಗಿನ ಬೀದಿಯವರು ಅಧ್ಯಕ್ಷೆ ಕಳೆ ಕೀಳುವುದನ್ನು ನೋಡುವ ಆಸೆಗೆ ಬಂದರು. ನಕ್ಕಿದ್ದ ಭೈರಪ್ಪನೇ ಮೊದಲು ಬಾವಿಗಿಳಿದ. ಬಾಣಲಿ ಬಾಣಲಿ ಹೂಳು ಮೇಲೆ ಬಂತು, ಕೊನೆಗೆ ಒಂದು ಮಧ್ಯಾಹ್ನ ಕೆಸರಿನ ಜೊತೆ ತಣ್ಣನೆಯ ನೀರೂ ಬಂತು. ಮೇಲಿನ ಬೀದಿಯ ಹೆಂಗಸರು ಕೊಡ ಹಿಡಿದು ಓಡಿಬಂದದ್ದನ್ನು ನೋಡಿ ನನ್ನ ಕಣ್ಣು ತುಂಬಿತು.

ಮುಂಗಾರು ಹಿಡಿದು ರಾಗಿ ಮೊಳೆತ ಮೇಲೆ ಪಂಚಾಯ್ತಿ ಹೊಲಕ್ಕಿಳಿಯಿತು. ಮುಂದೆ ಚಿಕ್ಕಮ್ಮ, ಹಿಂದೆ ಗೊಣಗುವ ಮೆಂಬರುಗಳು, ಅವರ ಹಿಂದೆ ಕನಕಪುರದಿಂದ ಬಂದಿದ್ದ ಸೆಕ್ರೆಟರಿ ಪ್ಯಾಂಟು ಮಡಚಿಕೊಂಡು. ನನ್ನನ್ನೂ ಎಳೆದುಕೊಂಡು ಹೋದರು. ನಾನು ಕಿತ್ತ ರಾಶಿಯಲ್ಲಿ ಕಳೆಗಿಂತ ರಾಗಿಯೇ ಹೆಚ್ಚಿತ್ತು. "ಮೇಷ್ಟ್ರೇ, ನೀವು ಒಸಿ ಬದಿನ ಮ್ಯಾಲೆ ಕೂತ್ಕಳಿ, ಅದೇ ದೊಡ್ಡ ಮುಯ್ಯಿ" ಎಂದು ಹೊಲದವನು ಕೈಮುಗಿದ.

ಮನೆಮನೆಯ ಮುಯ್ಯಿಯೂ ತೀರಿತು. ಉಳಿದದ್ದು ಭೈರಪ್ಪನದು ಮಾತ್ರ. ಅಷ್ಟರಲ್ಲಿ ಅವನ ಹೊಲ ಕಾರ್ಖಾನೆಗೆ ಹೋಗಿತ್ತು. ಕಳೆ ಕೀಳಲು ನೆಲವೇ ಇಲ್ಲ. "ಇರ್ಲಿ ಬುಡಕ್ಕಾ, ಬೇಕಾದಾಗ ಕೇಳ್ತೀನಿ" ಎಂದಿದ್ದ. ಈ ಮಾತು ಚಿಕ್ಕಮ್ಮನನ್ನು ವರ್ಷಗಟ್ಟಲೆ ಕೊರೆಯಿತು. ಅಧಿಕಾರ ಹೋಯಿತು, ಕೂದಲು ನೆರೆಯಿತು, ಭೈರಪ್ಪ ಎದುರಾದರೆ ಆಮೇಲೂ ಅವಳೇ ಮೊದಲು ತಲೆ ತಗ್ಗಿಸುತ್ತಿದ್ದಳು.

ಬಂಕಿನಿಂದ ನಾನು ಮನೆಗೆ ಹೋಗಲಿಲ್ಲ. ಚಿಕ್ಕಮ್ಮನನ್ನು ನೋಡಬೇಕೆನಿಸಿ ಸೀದಾ ಆ ಊರಿಗೆ ಗಾಡಿ ತಿರುಗಿಸಿದೆ. ಮನೆಗೆ ಬೀಗ. ಅವಳು ಬಾವಿಯ ಹತ್ತಿರ ಇದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಹಿಡಿದು.

ಭೈರಪ್ಪ ಕೊನೆಗೂ ಮುಯ್ಯಿ ಕೇಳಿದ್ದ. ತನ್ನ ಹಿತ್ತಲಲ್ಲಿ ಅವನು ಸಾಲಾಗಿ ಕಟ್ಟಿಸಿದ್ದ ಮನೆಗಳಲ್ಲಿ ಕಾರ್ಖಾನೆಗೆ ಬರುವ ಬಿಹಾರ, ಒರಿಸ್ಸಾ ಕಡೆಯ ಸಂಸಾರಗಳಿದ್ದವು. ಅವನ ಬೋರ್‌ವೆಲ್ ಬತ್ತಿತ್ತು. ನೀರಿಲ್ಲದಿದ್ದರೆ ಅವರು ಮಕ್ಕಳನ್ನು ಕಟ್ಟಿಕೊಂಡು ಜಾಗ ಖಾಲಿ ಮಾಡಬೇಕು. ಬಾವಿ ಮತ್ತೆ ಹೂಳು ತುಂಬಿ ಕೂತಿತ್ತು. ಹೊರಗಿನವರಿಗಾಗಿ ನಾವೇಕೆ ಇಳಿಯಬೇಕು ಎಂದು ಊರಿನವರು ಕೈಕಟ್ಟಿ ದೂರ ನಿಂತಿದ್ದರು. ಅವರ ನಡುವೆ ಈಗಿನ ಅಧ್ಯಕ್ಷನೂ ಇದ್ದ, ಇಸ್ತ್ರಿ ಮಾಡಿದ ಬಿಳಿ ಶರ್ಟಿನ ತರುಣ. ಹಗ್ಗ ಎಳೆಯುತ್ತಿದ್ದವರು ಆ ಬಾಡಿಗೆಯವರು ಮತ್ತು ಚಿಕ್ಕಮ್ಮ.

"ನಿನ್ನ ಅಧಿಕಾರ ಮುಗಿದು ಎಷ್ಟು ಕಾಲವಾಯ್ತು ಚಿಕ್ಕಮ್ಮ" ಎಂದೆ.

"ಅಧಿಕಾರ ಮುಗೀತದೆ ಕಣ್ಲಾ. ಮುಯ್ಯಿ ಮುಗೀತದಾ?"

ನಾನು ಹೋಗಿ ಹಗ್ಗಕ್ಕೆ ಕೈ ಹಾಕಿದೆ. ಸ್ವಲ್ಪ ಹೊತ್ತಿಗೆ ನಾಚಿಕೆಯಾಯಿತೋ ಏನೋ, ಅಧ್ಯಕ್ಷನೂ ತೋಳು ಮಡಚಿಕೊಂಡು ಬಂದ. "ಬುಡಿ ದೊಡ್ಡವ್ವ, ನಾ ಎಳೀತೀನಿ" ಎಂದ.

ಚಿಕ್ಕಮ್ಮ ಹಗ್ಗ ಬಿಡಲಿಲ್ಲ. "ಎಳೀವಂತೆ ಇರಪ್ಪ. ಮೊದ್ಲು ಇವ್ರ ಹೆಸ್ರು ಕೇಳ್ಕೊ. ಪಂಚಾಯ್ತಿ ಬಾವಿಗೆ ದುಡೀತಾವ್ರೆ. ನಾಳೆ ಮುಯ್ಯಿ ತೀರ್ಸೋನು ನೀನು."

ಅವನು ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದವನ ಕಡೆ ತಿರುಗಿ, ಹರಕು ಮುರುಕು ಹಿಂದಿಯಲ್ಲಿ, ನಿನ್ನ ಹೆಸರೇನು ಎಂದು ಕೇಳಿದ.