ಅವ್ವ ಕಟ್ಟಿದ ಮನಿಪಟ್ಟಿ

ಅವ್ವ ಚಾವಡಿಗೆ ಹೋಗಿ ಮನಿಪಟ್ಟಿ ಕಟ್ಟಿದಾಗ ನನಗ ಹನ್ನೆರಡು ವರ್ಷ. ಅದಾಗಿ ನಲವತ್ತನಾಕು ವರ್ಷ ಆಗಿ ಹೋದುವು. ಈಗಲೂ ಎಲ್ಲಾದರೂ ಹಲಗಿ ಸಪ್ಪಳ ಕೇಳಿದರ ನನ್ನ ಕೈ ತಾನಾಗಿ ಬಾಗಿಲ ಚಿಲಕಕ್ಕ ಹೋಗತೈತಿ. ನವಲಗುಂದದ ಕಡೆ ನಮ್ಮ ಹಳ್ಳಿಯೊಳಗ ಸುಗ್ಗಿ ಮುಗದು, ಒಣಗಿದ ಹತ್ತಿಕಟಗಿ ವಾಸನಿ ಅಂಗಳದ ತುಂಬ ಇರೂ ಹೊತ್ತಿಗೆ ವಾಲೀಕಾರ ದುರಗಪ್ಪಜ್ಜ ಹಲಗಿ ಬಡಕೋತ ಬರತಿದ್ದ. "ಮನಿಪಟ್ಟಿ ಕಟ್ರೆಪ್ಪೋ! ಕಾರಕೂನರು ಚಾವಡಿಗೆ ಬಂದಾರೋ!" ಓಣಿಗೆ ಓಣಿನ ಬಾಗಿಲಾ ಹಾಕತಿತ್ತು. ಪಟ್ಟಿ ಅಂದರ ಮನಿ ಕರ, ಅದನ್ನ ಕಟ್ಟದಿದ್ದರ ಮನ್ಯಾಗಿನ ಹಂಡೆ ಜಪ್ತಿ ಮಾಡತಾರಂತ ಎಲ್ಲಾರಿಗೂ ಅಂಜಿಕಿ. ಅಪ್ಪ ಸತ್ತ ಮ್ಯಾಲ ಅವ್ವನೂ ಹಂಡೆ ಜ್ವಾಳದ ಕಣಕಿಯೊಳಗ ಮುಚ್ಚಿಟ್ಟು, ಒಳಗ ಅಡಗಿ, ನನ್ನ ಹೊರಗ ಕೂಡ್ರಸತಿದ್ದಳು. ಅವ್ವ ಊರಾಗಿಲ್ಲ ಅಂತ ನಾ ಹೇಳಬೇಕು. "ಊರಾಗಿಲ್ಲದಾಕಿ ಒಳಗ ಕೆಮ್ಮತಾಳಲ್ಲಬೇ!" ಅಂತ ಅಜ್ಜ ನಕ್ಕೋತ ಮುಂದ ಹೋಗತಿದ್ದ.

ಮೂರು ವರ್ಷ ಹಂಗ ನಡೀತು. ಹಂಡೆ ಯಾರೂ ಒಯ್ಯಲಿಲ್ಲ. ಯಾಕ ಒಯ್ಯಲಿಲ್ಲ ಅಂತ ನಾವು ಕೇಳಲೂ ಇಲ್ಲ. ನಾಕನೇ ವರ್ಷ ಅಜ್ಜ ಹಲಗಿ ಕೆಳಗಿಟ್ಟು, ಬಾಗಿಲ ಹತ್ರ ಬಂದು, ಸಣ್ಣ ದನಿಲೇ ಅಂದ: "ನಿಂಗವ್ವಾ, ಅಡಗಿದ್ದು ಸಾಕು, ಹೊರಗ ಬಾ. ನಿನ್ನ ಪಟ್ಟಿ ಮೂರು ವರ್ಷದಿಂದ ನಿನ್ನ ಮೈದುನ ಕಟ್ಟಾಕತ್ತಾನ. ಪಾವತಿ ಚೀಟಿ ಅವನ ಹೆಸರಲೇ ಹರೀತಾರ. ಇನ್ನೆರಡು ವರ್ಷ ಹೋದರ ಅದನ್ನ ತೋರಿಸಿ ಮನಿ ನಂದ ಅಂತಾನ." ಮೈದುನ ಅಂದರ ನಮ್ಮ ಕಾಕಾ, ಎದುರು ಮನಿಯಾಂವ. ಅವ್ವಗ ಓದಾಕ ಬರತಿರಲಿಲ್ಲ, ಆದರ ಇಷ್ಟು ತಿಳೀತು. ಹತ್ತಿ ಬಿಡಿಸಿದ ಕೂಲಿ ಸೆರಗಿಗೆ ಕಟಗೊಂಡು, ನನ್ನ ಕರಕೊಂಡು ಚಾವಡಿಗೆ ನಡದಳು.

ಕಾಕಾ ಅಲ್ಲೇ ಕುಂತಿದ್ದ. "ನಿನ್ನ ಮೈದುನ ಕಟ್ಟತಾನಲ್ಲಬೇ, ನಿನಗ್ಯಾಕ ತ್ರಾಸು?" ಅಂದರು ಕಾರಕೂನರು. "ಸೋರೂ ಮನ್ಯಾಗ ಮಲಗಾಕಿ ನಾನು, ಪಟ್ಟಿ ಆಂವ ಯಾಕ ಕಟ್ಟಬೇಕ್ರಿ?" ಅಂದಳು ಅವ್ವ. ಕಾಕಾ ಸಿಟ್ಟಿಗೆದ್ದ. "ವೈನಿ, ಅಣ್ಣನ ಮನಿ ಅಂತ ಕಟ್ಟೇನಿ, ಕಳವು ಮಾಡೇನೇನು?" ಯಾರ ಹೆಸರಲೇ ಹರೀಬೇಕಂತ ತಿಳೀದ ಕಾರಕೂನರು ಪೆನ್ನು ಕೆಳಗಿಟ್ಟರು. ಆಗ ಅಜ್ಜ ಬಾಗಿಲಾಗಿಂದನ ಅಂದ: "ಸಾಹೇಬ್ರ, ಮೂವತ್ತು ವರ್ಷ ಈ ಊರಾಗ ಹಲಗಿ ಬಡದೇನ್ರಿ. ನನ್ನ ನೋಡಿ ಯಾವ ಬಾಗಿಲಾ ಯಾರು ಹಾಕತಾರಂತ ನನಗ ಗೊತ್ತಿಲ್ಲೇನ್ರಿ? ಆ ಮನಿ ಬಾಗಿಲಾ ಹಾಕಾಕಿ ಈಕಿನ." ಚಾವಡಿಯೆಲ್ಲಾ ನಕ್ಕಿತು. ಕಾರಕೂನರೂ ನಕ್ಕು, ಅವ್ವನ ರೊಕ್ಕ ಎಣಿಸಿಕೊಂಡು, ದಫ್ತರ ತಗದು, ಅಪ್ಪನ ಹೆಸರಿನ ಬಾಜು ಹೆಂಡತಿ ನಿಂಗವ್ವ ಅಂತ ಬರದು, ಪಾವತಿ ಹರದು ಅವ್ವನ ಕೈಗೆ ಕೊಟ್ಟರು.

ಈಗ ಆ ಹಲಗಿ ಇಲ್ಲ, ಅಜ್ಜ ಇಲ್ಲ, ಅವ್ವ ಇಲ್ಲ. ಚಾವಡಿ ಬಿದ್ದು ಜಾಲಿ ಬೆಳದೈತಿ. ಮನಿಪಟ್ಟಿ ನನ್ನ ಮಗಳು ಫೋನಿನಾಗ ಕಟ್ಟತಾಳ. ಸಾಬಾಣ ತಂದರ ಕರಾನೂ ಅದರೊಳಗನ ಬಂದಿರತೈತಂತ. ಬಾಗಿಲಾ ಹಾಕಿ ಕುಂತರೂ ತಪ್ಪೂದಿಲ್ಲ. ಕರ ಅಂದರ ಮಂದಿ ಸರಕಾರಕ್ಕ ಬಯ್ಯತಾರ. ನಾ ಬಯ್ಯಂಗಿಲ್ಲ. ಆ ಪಟ್ಟಿ ಇರದಿದ್ದರ ಅವ್ವನ ಹೆಸರು ಯಾವ ಕಾಗದದಾಗೂ ಬರತಿರಲಿಲ್ಲ. ಅಜ್ಜಗ ಅವ್ವ ಅವತ್ತು ಒಂದು ಸೇರು ಜ್ವಾಳ ಕೊಟ್ಟಳು, ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಅದಕ್ಕ ನಾ ಈಗ ಹೇಳತೇನಿ: ನಿನ್ನಿಂದ ಉಪಕಾರ ಆತಜ್ಜಾ.

ಪಾವತಿ ತಂದ ಮರುದಿನ ಮುಂಜಾನೆ ದಿನದಂಗ ತಂಬಿಗಿ ತಗೊಂಡು ಕಾಕಾನ ಮನಿಗೆ ಮಜ್ಜಿಗಿಗೆ ಹೋದೆ. ಕಾಕಾ ಮಾರಿ ತಿರುವಿದ. ಕಕ್ಕಿ ತಂಬಿಗಿ ತುಂಬ ಹಾಕಿದಳು. ಚೆಲ್ಲದಂಗ ಹಿಡಕೊಂಡು ನಮ್ಮ ಮನಿಗೆ ಬಂದೆ.